ಬೀಗ ಹಾಕುವ ಮೊದಲು ಒಳಗೆ ಯಾರಿದ್ದಾರೆ ಅಂತ ನೋಡಬೇಕಿತ್ತು

(ತಾಲ್ಲೂಕು ಕೇಂದ್ರದ ಪದವಿ ಕಾಲೇಜೊಂದರ ಅರ್ಥಶಾಸ್ತ್ರ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನ್ನ ಕೈಯಲ್ಲಿರುವ ಈ ನೋಟ್‌ಬುಕ್ ನೋಡಿ. ನೂರು ಪುಟದ್ದು. ಮೂಲೆಗಳೆಲ್ಲ ಮುದುಡಿವೆ, ರಟ್ಟಿನ ಮೇಲೆ ಎಣ್ಣೆ ಕಲೆ ಇದೆ. ಇದರಲ್ಲಿ 143 ಜನರ ಹೆಸರಿದೆ. ಹೆಸರಿನ ಮುಂದೆ ಊರು, ಫೋನ್ ನಂಬರು, ಮೇಸ್ತ್ರಿಯ ಹೆಸರು, ಬರಬೇಕಾದ ಬಟವಾಡೆ. 2020ರ ಮಾರ್ಚ್ ಕೊನೆಯಲ್ಲಿ ಬೆಂಗಳೂರಿನ ಹೊರವಲಯದ ಒಂದು ಕಟ್ಟಡದ ಪಕ್ಕ, ತಗಡಿನ ಶೆಡ್ಡುಗಳಲ್ಲಿ ಸಿಕ್ಕಿಕೊಂಡಿದ್ದವರು ಇವರು. ನಾನು ಆಗ ಕೆಲವು ಗೆಳತಿಯರ ಜೊತೆ ಸೇರಿ ರೇಷನ್ ಕಿಟ್ ಹಂಚುತ್ತಿದ್ದೆ. ಎಷ್ಟು ಕಿಟ್ ಬೇಕಾಗಬಹುದು ಅಂತ ತಿಳಿಯಲು ಹೆಸರು ಬರೆದುಕೊಳ್ಳತೊಡಗಿದೆ. ಬರೆಯುತ್ತಾ ಹೋದಾಗ ಗೊತ್ತಾಯಿತು, ಈ 143 ಜನ ಬೆಂಗಳೂರಿನ ಬೇರೆ ಯಾವ ಪಟ್ಟಿಯಲ್ಲೂ ಇಲ್ಲ. ವೋಟಿನ ಪಟ್ಟಿ ಊರಲ್ಲಿ, ರೇಷನ್ ಕಾರ್ಡು ಊರಲ್ಲಿ ಅವ್ವನ ಹತ್ತಿರ. ಇಲ್ಲಿ ಕೂಲಿ ಕೊಡುವ ಮೇಸ್ತ್ರಿಯ ಬಳಿಯೂ ಪೂರ್ತಿ ಹೆಸರಿಲ್ಲ. "ಮೂರನೇ ಶೆಡ್ಡಿನ ಗಂಡ ಹೆಂಡತಿ" ಅಂತ ಬರೆದುಕೊಂಡಿರುತ್ತಾನೆ, ಅಷ್ಟೇ.

ಇವತ್ತು ನಾನು ಹೇಳಬೇಕೆಂದಿರುವುದು ಈ ಒಂದೇ ಸಂಗತಿ. ಬಡ ದೇಶಗಳಲ್ಲಿ ಲಾಕ್‌ಡೌನ್ ಅಷ್ಟೊಂದು ಜನರನ್ನು ಹಿಂಡಿದ್ದು ಯಾಕೆ? ಬೀಗ ಹಾಕಿದವರಿಗೆ ಒಳಗೆ ಯಾರಿದ್ದಾರೆ, ಅವರ ಹತ್ತಿರ ಎಷ್ಟು ದಿನದ ಅಕ್ಕಿ ಇದೆ ಅನ್ನುವುದೇ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಂಡ ಕಡೆ ಕಥೆ ಸ್ವಲ್ಪ ಬೇರೆಯಾಯಿತು. ಅದಕ್ಕೂ ಬರುತ್ತೇನೆ.

ಮೊದಲು ಆ ವಾರವನ್ನು ನೆನಪಿಸಿಕೊಳ್ಳೋಣ. ನೀವೆಲ್ಲ ಆಗ ಹೈಸ್ಕೂಲಿನಲ್ಲಿದ್ದಿರಿ. ಮಾರ್ಚ್ 22, ಭಾನುವಾರ, ಜನತಾ ಕರ್ಫ್ಯೂ. ಅವತ್ತೇ ರೈಲುಗಳನ್ನು ನಿಲ್ಲಿಸುವ ಆದೇಶ ಬಂತು. ಕಟ್ಟಡ ಕೆಲಸದವರಿಗೆ ಭಾನುವಾರ ಅಂದರೆ ಬಟವಾಡೆಯ ದಿನ. ವಾರದ ಕೂಲಿ ಕೈಗೆ ಬರುವುದು ಅವತ್ತೇ. ಕರ್ಫ್ಯೂ ಅಂತ ನಮ್ಮ ಶೆಡ್ಡಿನ ಕಡೆ ಮೇಸ್ತ್ರಿ ಬರಲೇ ಇಲ್ಲ. ನಾಳೆ ಬರ್ತೀನಿ ಅಂತ ಫೋನಿನಲ್ಲಿ ಹೇಳಿದ. ಸೋಮವಾರವೂ ಬರಲಿಲ್ಲ. ಮಂಗಳವಾರ, ಮಾರ್ಚ್ 24, ರಾತ್ರಿ 8 ಗಂಟೆಗೆ ಪ್ರಧಾನಿ ಟಿವಿಯಲ್ಲಿ ಮಾತನಾಡಿದರು. ರಾತ್ರಿ 12ರಿಂದ 21 ದಿನ ಇಡೀ ದೇಶ ಬಂದ್. 130 ಕೋಟಿ ಜನರಿಗೆ ಸಿಕ್ಕಿದ್ದು ನಾಲ್ಕು ಗಂಟೆ ಸಮಯ. ಮರುದಿನ ಯುಗಾದಿ.

ಹಬ್ಬಕ್ಕೆ ಊರಿಗೆ ಹೋಗೋಣ ಅಂತ ಬ್ಯಾಗು ಕಟ್ಟಿಟ್ಟುಕೊಂಡಿದ್ದ ಯಾದಗಿರಿ ಕಡೆಯವರು ಆ ಶೆಡ್ಡಿನಲ್ಲಿ ಹನ್ನೊಂದು ಮನೆಯವರಿದ್ದರು. ಉಳಿದವರು ಬಿಹಾರ, ಒಡಿಶಾ, ಪಶ್ಚಿಮ ಬಂಗಾಳದವರು. ನಾನು ಮೊದಲ ಸಲ ಅಲ್ಲಿಗೆ ಹೋದದ್ದು ಯುಗಾದಿ ಕಳೆದು ಐದನೇ ದಿನ. ಅಕ್ಕಿ, ಬೇಳೆ, ಎಣ್ಣೆ, ಖಾರದ ಪುಡಿ, ಸೋಪು ಎಲ್ಲ ಸೇರಿಸಿ ಕಿಟ್ ಮಾಡಿಕೊಂಡು ಹೋಗಿದ್ದೆವು. ಒಳ್ಳೆಯ ಕೆಲಸ ಮಾಡಿದ್ದೇವೆ ಅನ್ನುವ ಸಮಾಧಾನ ನಮಗಿತ್ತು. ಒಬ್ಬ ಹೆಣ್ಣುಮಗಳು ಚೀಲ ತೆಗೆದುಕೊಂಡು, ಒಳಗೆ ನೋಡಿ, ನನ್ನ ಮುಖ ನೋಡಿದಳು. "ಅಕ್ಕಿ ಐತ್ರಿ ಅಕ್ಕಾರ. ಒಲಿಗಿ ಹಚ್ಚಾಕ ಕಟಿಗಿ ಎಲ್ಲಿಂದ ತರೂನು?"

ಅಲ್ಲಿಯವರೆಗೆ ಅವರು ಒಲೆ ಹಚ್ಚುತ್ತಿದ್ದದ್ದು ಕಟ್ಟಡದ ಸೆಂಟ್ರಿಂಗ್ ಕೆಲಸದಲ್ಲಿ ಮುರಿದು ಬಿದ್ದ ಹಲಗೆ, ರೀಪು ಚೂರುಗಳಲ್ಲಿ. ಕೆಲಸ ನಿಂತ ಮೇಲೆ ಚೂರು ಬೀಳುವುದೂ ನಿಂತಿತು. ಕೆಲವರು ಐದು ಕೇಜಿಯ ಸಣ್ಣ ಸಿಲಿಂಡರಿಗೆ ಅಂಗಡಿಯಲ್ಲಿ ಸ್ವಲ್ಪ ಸ್ವಲ್ಪ ಗ್ಯಾಸು ತುಂಬಿಸಿಕೊಳ್ಳುತ್ತಿದ್ದರು. ಆ ಅಂಗಡಿಯೂ ಮುಚ್ಚಿತ್ತು. ನೀರು ಬರುತ್ತಿದ್ದದ್ದು ಕಟ್ಟಡಕ್ಕೆ ಬರುವ ಟ್ಯಾಂಕರಿನಿಂದ. ಕೆಲಸವಿಲ್ಲ ಅಂದರೆ ಟ್ಯಾಂಕರೂ ಇಲ್ಲ. ಇಪ್ಪತ್ತು ಸೆಕೆಂಡು ಸೋಪು ಹಚ್ಚಿ ಕೈ ತೊಳೆಯಿರಿ ಅಂತ ಯಾರಿಗೇ ಫೋನು ಮಾಡಿದರೂ ಮೊದಲು ಕೇಳಿಸುತ್ತಿತ್ತಲ್ಲ, ಅದನ್ನು ಅವರೂ ಕೇಳುತ್ತಿದ್ದರು. ಕೈಯಲ್ಲಿ ಸೋಪಿತ್ತು. ತೊಳೆಯಲು ನೀರಿರಲಿಲ್ಲ. ಹತ್ತಡಿಗೆ ಎಂಟಡಿ ಶೆಡ್ಡಿನಲ್ಲಿ ಐದು ಜನ ಮಲಗುತ್ತಿದ್ದರು.

ಮನೆಯಲ್ಲೇ ಇರಿ ಅನ್ನುವ ಮಾತು ಸುಲಭ. ಆದರೆ ಅದರೊಳಗೆ ಎಷ್ಟೊಂದು ಸಂಗತಿ ಅಡಗಿವೆ ನೋಡಿ. ಒಂದು ಮನೆ ಇರಬೇಕು. ಮನೆಯಲ್ಲಿ ನೀರಿರಬೇಕು. ತಿಂಗಳ ಸಾಮಾನು ಒಟ್ಟಿಗೆ ತರುವಷ್ಟು ದುಡ್ಡಿರಬೇಕು. ತಂದದ್ದು ಕೆಡದಂತೆ ಇಡಲು ಜಾಗ ಬೇಕು. ಕೆಲಸಕ್ಕೆ ಹೋಗದಿದ್ದರೂ ಒಂದನೇ ತಾರೀಕು ಸಂಬಳ ಬರಬೇಕು. ನಮ್ಮ ದೇಶದಲ್ಲಿ ದುಡಿಯುವ ಹತ್ತು ಜನರಲ್ಲಿ ಸುಮಾರು ಒಂಬತ್ತು ಜನಕ್ಕೆ ಈ ಕೊನೆಯದು ಇಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನಲ್ಲಿ ಇಂಥ ಅಸಂಘಟಿತ ಕೆಲಸ ಮಾಡುವವರು 200 ಕೋಟಿ. ಬಿಕ್ಕಟ್ಟಿನ ಮೊದಲ ತಿಂಗಳಲ್ಲೇ ಇವರ ಆದಾಯ ಶೇ. 60ರಷ್ಟು ಕುಸಿಯಿತು ಅಂತ ಅದೇ ಸಂಸ್ಥೆ ಅಂದಾಜು ಮಾಡಿತು.

ಇಲ್ಲಿ ಪೆರು ದೇಶದ ಕಥೆ ಹೇಳಲೇಬೇಕು. ದಕ್ಷಿಣ ಅಮೆರಿಕದಲ್ಲಿ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಬಿಗಿಯಾಗಿ ಲಾಕ್‌ಡೌನ್ ಮಾಡಿದ ದೇಶಗಳಲ್ಲಿ ಅದೂ ಒಂದು. 2020ರ ಮಾರ್ಚ್ 16ಕ್ಕೇ ಶುರು. ರಸ್ತೆಗೆ ಸೈನ್ಯ ಇಳಿಯಿತು. ಆದರೂ ಜನಸಂಖ್ಯೆಗೆ ಹೋಲಿಸಿದರೆ ಜಗತ್ತಿನಲ್ಲೇ ಅತಿ ಹೆಚ್ಚು ಸಾವು ದಾಖಲಾದದ್ದು ಅಲ್ಲೇ. 2021ರ ಮೇ ಕೊನೆಯಲ್ಲಿ ಸರ್ಕಾರ ಮತ್ತೆ ಎಣಿಸಿದಾಗ ಸತ್ತವರ ಸಂಖ್ಯೆ 69 ಸಾವಿರದಿಂದ ಒಂದೇ ಏಟಿಗೆ 1 ಲಕ್ಷ 80 ಸಾವಿರಕ್ಕೆ ಏರಿತು. ಸುಮಾರು 3.3 ಕೋಟಿ ಜನರ ದೇಶ ಅದು.

ಅಷ್ಟು ಬಿಗಿ ಮಾಡಿಯೂ ಯಾಕೆ ಹೀಗಾಯಿತು? ಆಸ್ಪತ್ರೆಗಳು ಬಡವಾಗಿದ್ದವು, ಆಮ್ಲಜನಕ ಸಾಲಲಿಲ್ಲ, ಅದೆಲ್ಲ ಇದೆ. ಆದರೆ ನನ್ನ ಮನಸ್ಸಿನಲ್ಲಿ ಉಳಿದ ಕಾರಣ ಫ್ರಿಜ್ಜು. ಅಲ್ಲಿನ ಸುಮಾರು ಅರ್ಧದಷ್ಟು ಮನೆಗಳಲ್ಲಿ ಫ್ರಿಜ್ ಇಲ್ಲ. ಮೀನು, ಮಾಂಸ, ತರಕಾರಿ ಅಂದಂದಿನದು ಅಂದೇ ತರಬೇಕು. ಅಂದರೆ ದಿನಾ ಸಂತೆಗೆ ಹೋಗಬೇಕು. ಕರ್ಫ್ಯೂ ಇರುವುದರಿಂದ ಎಲ್ಲರೂ ಅದೇ ಕೆಲವು ಗಂಟೆಗಳಲ್ಲಿ ಹೋಗಬೇಕು. ಲಿಮಾದ ಒಂದು ಹಣ್ಣಿನ ಮಾರುಕಟ್ಟೆಯಲ್ಲಿ ಪರೀಕ್ಷೆ ಮಾಡಿದರೆ ಹೆಚ್ಚಿನ ವ್ಯಾಪಾರಿಗಳಿಗೆ ಸೋಂಕು ತಗುಲಿತ್ತು. ಸರ್ಕಾರ ಬಡ ಕುಟುಂಬಗಳಿಗೆ 380 ಸೋಲ್ ಕೊಟ್ಟಿತು. ಒಳ್ಳೆಯದೇ. ಆದರೆ ಅರ್ಧಕ್ಕಿಂತ ಹೆಚ್ಚು ಜನರಿಗೆ ಬ್ಯಾಂಕ್ ಖಾತೆ ಇರಲಿಲ್ಲ. ದುಡ್ಡು ತೆಗೆದುಕೊಳ್ಳಲು ಬ್ಯಾಂಕಿನ ಮುಂದೆ ಸಾಲು ನಿಂತರು. ಸೋಂಕಿನಿಂದ ದೂರ ಇರಲಿ ಅಂತ ಕೊಟ್ಟ ದುಡ್ಡೇ ಜನರನ್ನು ಒಂದೆಡೆ ಗುಂಪು ಸೇರಿಸಿತು. ಕೊನೆಗೆ ಲಿಮಾದಲ್ಲಿ ಬಾಡಿಗೆ ಕಟ್ಟಲಾಗದವರು ಗಂಟುಮೂಟೆ ಹೊತ್ತು ಆಂಡಿಸ್ ಬೆಟ್ಟಗಳ ಕಡೆ, ತಮ್ಮ ಹಳ್ಳಿಗಳಿಗೆ ನಡೆಯತೊಡಗಿದರು. ಆ ವರ್ಷ ಪೆರುವಿನ ಜಿಡಿಪಿ ಶೇ. 11ರಷ್ಟು ಕುಸಿಯಿತು.

ಬಾಂಗ್ಲಾದೇಶದಲ್ಲೂ ನಡೆದರು. ಆದರೆ ಉಲ್ಟಾ ದಿಕ್ಕಿನಲ್ಲಿ. ಅಲ್ಲಿ ಲಾಕ್‌ಡೌನ್ ಅನ್ನಲಿಲ್ಲ, ಸಾರ್ವಜನಿಕ ರಜೆ ಅಂದರು, ಮಾರ್ಚ್ 26ರಿಂದ. ಗಾರ್ಮೆಂಟ್ಸ್ ಹುಡುಗಿಯರು ಊರಿಗೆ ಹೋದರು. ಏಪ್ರಿಲ್ 5ಕ್ಕೆ ಫ್ಯಾಕ್ಟರಿ ತೆರೆಯುತ್ತದೆ, ಬರದಿದ್ದರೆ ಕೆಲಸ ಹೋಗುತ್ತದೆ ಅಂತ ಸುದ್ದಿ ಹಬ್ಬಿತು. ಬಸ್ಸಿಲ್ಲ, ರೈಲಿಲ್ಲ. ಸಾವಿರಾರು ಜನ ಹೆದ್ದಾರಿಯಲ್ಲಿ ನಡೆದು, ದೋಣಿ ಹಿಡಿದು, ಲಾರಿ ಹತ್ತಿ ಢಾಕಾಕ್ಕೆ ಬಂದರು. ಬಂದ ಮೇಲೆ ಫ್ಯಾಕ್ಟರಿ ಮತ್ತೆ ಬಂದ್ ಅಂದರು. ಯೂರೋಪ್, ಅಮೆರಿಕದ ಬ್ರ್ಯಾಂಡುಗಳು ಅಷ್ಟರಲ್ಲಿ ಆರ್ಡರುಗಳನ್ನು ಕ್ಯಾನ್ಸಲ್ ಮಾಡಿದ್ದವು, ಕೆಲವು ತಡೆಹಿಡಿದಿದ್ದವು. ಒಟ್ಟು 300 ಕೋಟಿ ಡಾಲರಿಗೂ ಜಾಸ್ತಿ ಅಂತ ಅಲ್ಲಿನ ಗಾರ್ಮೆಂಟ್ಸ್ ಮಾಲೀಕರ ಸಂಘವೇ ಲೆಕ್ಕ ಕೊಟ್ಟಿತು. ಹೊಲಿದು ಮುಗಿದಿದ್ದ ಬಟ್ಟೆಗೂ ದುಡ್ಡು ಬರಲಿಲ್ಲ. ನಮ್ಮ ಪೀಣ್ಯ, ಮೈಸೂರು ರಸ್ತೆ, ಮಂಡ್ಯ, ರಾಮನಗರದ ಕಡೆ ಹೊಲಿಯುವ ಹೆಣ್ಣುಮಕ್ಕಳ ಪಾಡೂ ಇದಕ್ಕಿಂತ ದೂರದ್ದೇನಲ್ಲ. ಬೀಗ ಬೀಳುವುದು ಪ್ಯಾರಿಸ್ಸಿನ ಅಂಗಡಿಗೆ, ಕೂಲಿ ನಿಲ್ಲುವುದು ಇಲ್ಲಿಯವರಿಗೆ.

ನಮ್ಮ ಜನ ನಡೆದ ಕಥೆ ನಿಮಗೆ ಗೊತ್ತು. ಒಂದನ್ನಷ್ಟೇ ಹೇಳುತ್ತೇನೆ. ಮಹಾರಾಷ್ಟ್ರದ ಜಾಲ್ನಾದ ಒಂದು ಉಕ್ಕಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಮಧ್ಯಪ್ರದೇಶದ ಯುವಕರು ಊರಿಗೆ ರೈಲು ಸಿಗಬಹುದು ಅಂತ ಹಳಿಗುಂಟ ನಡೆಯುತ್ತಿದ್ದರು. ರಾತ್ರಿ ಸುಸ್ತಾಗಿ ಹಳಿಯ ಮೇಲೇ ಮಲಗಿದರು. ರೈಲುಗಳು ನಿಂತಿವೆ ಅಂದುಕೊಂಡಿದ್ದರು. ಮೇ 8ರ ಬೆಳಗಿನ ಜಾವ ಔರಂಗಾಬಾದ್ ಹತ್ತಿರ ಗೂಡ್ಸ್ ರೈಲು ಹರಿದು 16 ಜನ ಸತ್ತರು. ಹಳಿಯ ಮೇಲೆ ಚೆದುರಿ ಬಿದ್ದಿದ್ದ ರೊಟ್ಟಿಯ ಫೋಟೋ ನೀವು ನೋಡಿರಬಹುದು. ದಾರಿಗೆ ಅಂತ ಕಟ್ಟಿಕೊಂಡಿದ್ದ ಬುತ್ತಿ ಅದು.

ಇನ್ನು ನಮ್ಮ ರಾಜ್ಯದ್ದೇ ಮಾತು. ಮೇ 1ಕ್ಕೆ ಶ್ರಮಿಕ್ ವಿಶೇಷ ರೈಲುಗಳು ಶುರುವಾದವು. ನಮ್ಮ ಶೆಡ್ಡಿನ ಬಿಹಾರದವರಿಗೆ ಆನ್‌ಲೈನ್ ಅರ್ಜಿ ತುಂಬುವ ಕೆಲಸ ನನ್ನ ಪಾಲಿಗೆ ಬಂತು. ಅರ್ಜಿ ಇದ್ದದ್ದು ಇಂಗ್ಲಿಷಿನಲ್ಲಿ. ಒಟಿಪಿ ಬರಬೇಕಾದ ಫೋನಿನಲ್ಲಿ ಕರೆನ್ಸಿ ಮುಗಿದಿತ್ತು. ಅವರ ಫೋನಿಗೆ ನಾವು ರೀಚಾರ್ಜ್ ಮಾಡಿಸಿ, ಒಟಿಪಿ ಬರುವ ತನಕ ಕಾದು, ಅಷ್ಟರಲ್ಲಿ ಪೇಜು ಹೋಗಿ, ಮತ್ತೆ ಮೊದಲಿನಿಂದ ತುಂಬಿ, ಹೀಗೆ ಎರಡು ರಾತ್ರಿ ಕೂತು 31 ಅರ್ಜಿ ಹಾಕಿದೆವು. ಮೇ 5ರಂದು ಮುಖ್ಯಮಂತ್ರಿಗಳು ಬಿಲ್ಡರುಗಳ ಜೊತೆ ಸಭೆ ನಡೆಸಿದರು. ಅವತ್ತೇ ರಾಜ್ಯ ಸರ್ಕಾರ ರೈಲ್ವೆಗೆ ಪತ್ರ ಬರೆದು ಮರುದಿನದಿಂದ ಈ ರೈಲುಗಳು ಬೇಡ ಅಂದಿತು. ಕಟ್ಟಡ ಕೆಲಸ ಮತ್ತೆ ಶುರುವಾಗಬೇಕು, ಕೆಲಸದವರು ಹೋದರೆ ಹೇಗೆ ಅನ್ನುವುದು ಅದರ ಹಿಂದಿದ್ದ ಯೋಚನೆ. ದೇಶದ ತುಂಬ ಟೀಕೆ ಎದ್ದ ಮೇಲೆ ಪತ್ರ ವಾಪಸ್ಸಾಗಿ ರೈಲುಗಳು ಮತ್ತೆ ಹೊರಟವು.

ಎರಡು ಮೂರು ದಿನದ ವಿಷಯ ಅದು, ಅಂತ ಕೆಲವರು ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ನಲವತ್ತು ದಿನ ಈ ಜನರ ಹೆಸರು ಯಾರ ಪಟ್ಟಿಯಲ್ಲೂ ಇರಲಿಲ್ಲ. ಹಸಿದಾಗ ಯಾರಿಗೂ ಕಾಣಲಿಲ್ಲ. ಹೊರಡುತ್ತೇವೆ ಅಂದ ದಿನ ಮಾತ್ರ ಕಂಡರು. ಅದು ನನ್ನನ್ನು ಇವತ್ತಿಗೂ ಕಾಡುತ್ತದೆ.

ಪಟ್ಟಿ ಮಾಡಲು ಕಾನೂನು ಇರಲಿಲ್ಲವಾ? ಇತ್ತು. 1979ರಲ್ಲೇ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಬಂದಿತ್ತು. ಬೇರೆ ರಾಜ್ಯದಿಂದ ಜನ ತರುವ ಗುತ್ತಿಗೆದಾರ ಲೈಸೆನ್ಸ್ ತೆಗೆದುಕೊಳ್ಳಬೇಕಿತ್ತು, ಯಾರನ್ನು ಎಲ್ಲಿಂದ ತಂದ ಅಂತ ದಾಖಲೆ ಇಡಬೇಕಿತ್ತು. ನಲವತ್ತು ವರ್ಷ ಅದು ಹೆಚ್ಚಿನ ಕಡೆ ಪುಸ್ತಕದಲ್ಲೇ ಉಳಿಯಿತು. 2020ರ ಸೆಪ್ಟೆಂಬರಿನಲ್ಲಿ ಸಂಸತ್ತಿನಲ್ಲಿ ಪ್ರಶ್ನೆ ಬಂತು, ಊರಿಗೆ ಹೋಗುವಾಗ ಎಷ್ಟು ವಲಸೆ ಕಾರ್ಮಿಕರು ಸತ್ತರು ಅಂತ. ಅಂಥ ಲೆಕ್ಕ ಇಟ್ಟಿಲ್ಲ ಅಂತ ಕೇಂದ್ರ ಕಾರ್ಮಿಕ ಸಚಿವಾಲಯ ಉತ್ತರ ಕೊಟ್ಟಿತು. ಊರಿಗೆ ಮರಳಿದವರು ಒಂದು ಕೋಟಿ ನಾಲ್ಕು ಲಕ್ಷಕ್ಕೂ ಹೆಚ್ಚು ಅನ್ನುವ ಲೆಕ್ಕ ಮಾತ್ರ ಬಂತು. ರೇಷನ್ ಕಾರ್ಡಿಲ್ಲದ ವಲಸಿಗರಿಗೂ ಐದೈದು ಕೇಜಿ ಧಾನ್ಯ ಕೊಡುವ ಘೋಷಣೆ ಆದದ್ದು ಮೇ 14ಕ್ಕೆ, ಬೀಗ ಹಾಕಿ ಐವತ್ತು ದಿನ ಕಳೆದ ಮೇಲೆ. ಸಿಕ್ಕಿಕೊಂಡಿದ್ದ ಕಾರ್ಮಿಕರಿಗೆ ಫೋನಿನಲ್ಲೇ ನೆರವಾಗುತ್ತಿದ್ದ ಸ್ವಾನ್ ಎಂಬ ಸ್ವಯಂಸೇವಕರ ಗುಂಪು ಏಪ್ರಿಲ್ ನಡುವೆ 11 ಸಾವಿರಕ್ಕೂ ಹೆಚ್ಚು ಜನರ ಮಾಹಿತಿ ಒಟ್ಟುಗೂಡಿಸಿತ್ತು. ಅವರಲ್ಲಿ ಶೇ. 96 ಜನಕ್ಕೆ ಸರ್ಕಾರದ ರೇಷನ್ ಸಿಕ್ಕಿರಲಿಲ್ಲ. ಶೇ. 89 ಜನಕ್ಕೆ ಮಾಲೀಕರಿಂದ ಕೂಲಿ ಬಂದಿರಲಿಲ್ಲ. ನನ್ನ ನೋಟ್‌ಬುಕ್ಕಿನ ಕೊನೆಯ ಕಾಲಂ ಕೂಡ ಅದನ್ನೇ ಹೇಳುತ್ತದೆ.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು. ಲಾಕ್‌ಡೌನೇ ಬೇಡವಾಗಿತ್ತು ಅಂತ ನಾನು ಹೇಳುತ್ತಿಲ್ಲ. 2020ರ ಮಾರ್ಚಿನಲ್ಲಿ ಆ ರೋಗ ಹೇಗೆ ಹರಡುತ್ತದೆ, ಯಾರನ್ನು ಕೊಲ್ಲುತ್ತದೆ ಅನ್ನುವುದು ಯಾರಿಗೂ ಪೂರ್ತಿ ಗೊತ್ತಿರಲಿಲ್ಲ. ಬಡ ದೇಶಗಳಲ್ಲಿ ಹಾಸಿಗೆ ಕಡಿಮೆ, ವೆಂಟಿಲೇಟರ್ ಕಡಿಮೆ. ತಯಾರಿಗೆ ಸಮಯ ಬೇಕಿತ್ತು. ತಡೆ ಇಲ್ಲದೆ ಬಿಟ್ಟರೆ ಏನಾಗುತ್ತದೆ ಅನ್ನುವುದನ್ನು 2021ರ ಏಪ್ರಿಲ್, ಮೇ ತಿಂಗಳಲ್ಲಿ ನಾವೇ ಕಂಡೆವು. ಆಮ್ಲಜನಕಕ್ಕೆ ಅಲೆದವರು ಈ ಹಾಲ್‌ನಲ್ಲೂ ಇರಬಹುದು. ನನ್ನ ಪ್ರಶ್ನೆ ಬೇರೆ. ಮೊದಲು ಅನ್ನ, ಆಮೇಲೆ ಬೀಗ ಅನ್ನುವ ಕ್ರಮ ಯಾಕಿರಲಿಲ್ಲ?

ಆ ಪ್ರಶ್ನೆಯನ್ನು ಕೋರ್ಟಿನಲ್ಲೇ ಕೇಳಿದ ದೇಶ ಒಂದಿದೆ. ಆಫ್ರಿಕಾದ ಮಲಾವಿ. ತುಂಬಾ ಬಡ ದೇಶ. 2020ರ ಏಪ್ರಿಲ್ 18ರಿಂದ 21 ದಿನ ಲಾಕ್‌ಡೌನ್ ಅಂತ ಅಲ್ಲಿನ ಸರ್ಕಾರ ಹೇಳಿತು. ಸಂತೆ ವ್ಯಾಪಾರಿಗಳು ಬೀದಿಗಿಳಿದರು. ಮಾನವ ಹಕ್ಕುಗಳ ಸಂಘಟನೆಯೊಂದು ಹೈಕೋರ್ಟಿಗೆ ಹೋಯಿತು. ಬಡವರು ಈ 21 ದಿನ ಏನು ತಿನ್ನಬೇಕು, ಅದಕ್ಕೆ ಸರ್ಕಾರ ಏನು ವ್ಯವಸ್ಥೆ ಮಾಡಿದೆ ಅನ್ನುವುದು ಅವರ ವಾದ. ಶುರುವಾಗುವ ಹಿಂದಿನ ದಿನ ಕೋರ್ಟು ಲಾಕ್‌ಡೌನಿಗೆ ತಡೆ ಕೊಟ್ಟಿತು. ಆಮೇಲೆ ಆ ಸರ್ಕಾರವೂ ಬಡವರಿಗೆ ನಗದು ಕೊಡುವ ಯೋಜನೆ ಮಾಡಬೇಕಾಯಿತು.

ಇನ್ನೊಂದು ದೇಶ ಟೋಗೊ. ಪಶ್ಚಿಮ ಆಫ್ರಿಕಾದಲ್ಲಿ, ಜನಸಂಖ್ಯೆ ಒಂದು ಕೋಟಿಯೂ ಇಲ್ಲ. ಅಲ್ಲಿ ಏಪ್ರಿಲ್ 8ಕ್ಕೇ ನೊವಿಸಿ ಅನ್ನುವ ಯೋಜನೆ ಶುರುವಾಯಿತು. ನನಗೆ ಇದರಲ್ಲಿ ಇಷ್ಟವಾದದ್ದು ಅದರ ಸರಳತೆ. ಯಾವ ಆ್ಯಪೂ ಬೇಡ, ಸ್ಮಾರ್ಟ್‌ಫೋನೂ ಬೇಡ. ಕೀಪ್ಯಾಡ್ ಫೋನಿನಿಂದ ಒಂದು ಸಣ್ಣ ನಂಬರ್ ಒತ್ತಬೇಕಿತ್ತು, ವೋಟರ್ ಕಾರ್ಡಿನ ನಂಬರು ಹಾಕಬೇಕಿತ್ತು. ಅಲ್ಲಿನ ಮತದಾರರ ಪಟ್ಟಿಯಲ್ಲಿ ಕಸುಬು ಏನು ಅನ್ನುವುದೂ ಬರೆದಿರುತ್ತದೆ. ದರ್ಜಿ, ಬೈಕ್ ಟ್ಯಾಕ್ಸಿಯವನು, ಸಂತೆಯಲ್ಲಿ ತರಕಾರಿ ಮಾರುವವಳು ಅಂತ ತಿಳಿದರೆ ಸಾಕು, ದುಡ್ಡು ಅವರ ಫೋನಿಗೇ ಬರುತ್ತಿತ್ತು. ಗಂಡಸರಿಗೆ ತಿಂಗಳಿಗೆ 10,500 ಫ್ರಾಂಕ್, ಹೆಂಗಸರಿಗೆ 12,250. ಮನೆ ನಡೆಸುವುದು ಅವರೇ ಅಂತ ಹೆಂಗಸರಿಗೆ ಜಾಸ್ತಿ ಇಟ್ಟರು. ಐದು ಲಕ್ಷಕ್ಕೂ ಹೆಚ್ಚು ಜನಕ್ಕೆ ಅದು ತಲುಪಿತು. ಶ್ರೀಮಂತ ದೇಶವೇನಲ್ಲ. ಇದ್ದ ಪಟ್ಟಿಯನ್ನೇ ಬಳಸಿದರು.

ಬ್ರೆಜಿಲ್‌ನಲ್ಲಿ ಅಧ್ಯಕ್ಷರೇ ರೋಗವನ್ನು ಹಗುರವಾಗಿ ತೆಗೆದುಕೊಂಡರು, ಅದರ ಬೆಲೆ ಜನ ತೆತ್ತರು. ಆದರೆ ಅದೇ ದೇಶದ ಸಂಸತ್ತು ತಿಂಗಳಿಗೆ 600 ರಿಯಾಲ್ ತುರ್ತು ನೆರವಿಗೆ ಒಪ್ಪಿಗೆ ಕೊಟ್ಟಿತು. ಆರೂವರೆ ಕೋಟಿಗೂ ಹೆಚ್ಚು ಜನಕ್ಕೆ ಅದು ಸಿಕ್ಕಿತು. ಅಷ್ಟು ದೊಡ್ಡ ಬಿಕ್ಕಟ್ಟಿನ ವರ್ಷದಲ್ಲಿ ಅಲ್ಲಿ ಬಡತನ ತಾತ್ಕಾಲಿಕವಾಗಿ ಕಡಿಮೆಯೇ ಆಯಿತು. ಪಾಕಿಸ್ತಾನ ಏಪ್ರಿಲ್‌ನಲ್ಲೇ ಒಂದು ಕೋಟಿಗೂ ಹೆಚ್ಚು ಕುಟುಂಬಗಳಿಗೆ 12 ಸಾವಿರ ರೂಪಾಯಿ ಹಂಚಲು ಹೊರಟಿತು. ನಮ್ಮಲ್ಲಿ ಜನಧನ್ ಖಾತೆ ಇದ್ದ 20 ಕೋಟಿ ಹೆಂಗಸರಿಗೆ ತಿಂಗಳಿಗೆ 500 ರೂಪಾಯಿಯಂತೆ ಮೂರು ತಿಂಗಳು ಬಂತು. 500 ರೂಪಾಯಿ ಅಂದರೆ ಆಗ ಒಂದು ದಿನದ ಗಾರೆ ಕೆಲಸದ ಕೂಲಿಯ ಆಸುಪಾಸು. ರಾಜ್ಯ ಸರ್ಕಾರ ಕ್ಷೌರಿಕರಿಗೆ, ಅಗಸರಿಗೆ, ಆಟೋ, ಟ್ಯಾಕ್ಸಿ ಚಾಲಕರಿಗೆ 5 ಸಾವಿರ ಘೋಷಿಸಿತು. ಆಟೋದವರಿಗೆ ಲೈಸೆನ್ಸ್ ಇತ್ತು, ಪಟ್ಟಿ ಇತ್ತು. ಸೊಪ್ಪು ಮಾರುವ ಅಜ್ಜಿಗೆ ಯಾವ ಲೈಸೆನ್ಸ್?

ನಿಜವಾಗಿ ಕೈ ಹಿಡಿದದ್ದು ಎರಡು. ಒಂದು ರೇಷನ್ ಅಂಗಡಿ. ಕಾರ್ಡು ಇದ್ದವರಿಗೆ ತಲೆಗೆ ಐದು ಕೇಜಿ ಹೆಚ್ಚುವರಿ ಧಾನ್ಯ ಉಚಿತವಾಗಿ ಬಂತು. ಹಳ್ಳಿಗಳಲ್ಲಿ ಜನ ಉಳಿದದ್ದು ಅದರಿಂದ. ಇನ್ನೊಂದು ಉದ್ಯೋಗ ಖಾತ್ರಿ. ರಾಯಚೂರು, ಯಾದಗಿರಿ, ಕೊಪ್ಪಳ ಕಡೆಯಿಂದ ಗುಳೆ ಹೋದವರು ವಾಪಸ್ ಬಂದಾಗ ಊರಲ್ಲಿ ಕೆಲಸ ಎಲ್ಲಿತ್ತು? ಪಂಚಾಯಿತಿಗೆ ಹೋಗಿ ನಮೂನೆ 6, ಅಂದರೆ ಕೆಲಸ ಕೇಳುವ ಅರ್ಜಿ, ಕೊಟ್ಟರು. ಬದು ಹಾಕಿದರು, ಕೃಷಿಹೊಂಡ ತೋಡಿದರು, ಕೆರೆ ಹೂಳೆತ್ತಿದರು. ದಿನಕ್ಕೆ 275 ರೂಪಾಯಿ. ಡಿಗ್ರಿ ಮಾಡಿ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದ ಹುಡುಗರೂ ಗುದ್ದಲಿ ಹಿಡಿದರು. ಆ ವರ್ಷ ದೇಶದಲ್ಲಿ 389 ಕೋಟಿ ಮಾನವ ದಿನಗಳ ಕೆಲಸವಾಯಿತು, ಅಲ್ಲಿಯವರೆಗಿನ ಅತಿ ಹೆಚ್ಚು. ಅದು ನಡೆದದ್ದು ಯಾಕೆ ಗೊತ್ತಾ? ಜಾಬ್ ಕಾರ್ಡ್ ಅನ್ನುವ ಪಟ್ಟಿ ಹದಿನೈದು ವರ್ಷದಿಂದ ಇತ್ತು. ಹೊಸದಾಗಿ ಯಾರೂ ಏನೂ ಕಂಡುಹಿಡಿಯಬೇಕಿರಲಿಲ್ಲ.

ಲೆಕ್ಕಕ್ಕೆ ಬಾರದ ನಷ್ಟಗಳ ಬಗ್ಗೆ ಸ್ವಲ್ಪ ಹೇಳಬೇಕು. ಬಸ್ಸು ನಿಂತರೆ ಆಸ್ಪತ್ರೆಯೂ ನಿಂತ ಹಾಗೆ. ಕ್ಷಯರೋಗವನ್ನೇ ತೆಗೆದುಕೊಳ್ಳಿ. ಭಾರತದಲ್ಲಿ 2019ರಲ್ಲಿ 24 ಲಕ್ಷ ಟಿಬಿ ರೋಗಿಗಳು ದಾಖಲಾಗಿದ್ದರು. 2020ರಲ್ಲಿ 18 ಲಕ್ಷ. ರೋಗ ಕಡಿಮೆಯಾಗಲಿಲ್ಲ, ಕಫ ಪರೀಕ್ಷೆಗೆ ಬರುವವರು ಕಡಿಮೆಯಾದರು. ಆರು ಲಕ್ಷ ಜನ ಎಲ್ಲೋ ಶೆಡ್ಡಿನಲ್ಲಿ, ಸಣ್ಣ ಕೋಣೆಯಲ್ಲಿ ಕೆಮ್ಮುತ್ತಾ ಕೂತಿದ್ದರು ಅಂತ ತಾನೇ ಅರ್ಥ? ಆ ವರ್ಷ ಜಗತ್ತಿನಲ್ಲಿ ಟಿಬಿಯಿಂದ ಸತ್ತವರ ಸಂಖ್ಯೆ ಹತ್ತು ವರ್ಷಗಳಲ್ಲಿ ಮೊದಲ ಬಾರಿ ಏರಿತು. ಉಗಾಂಡಾದಲ್ಲಿ ಖಾಸಗಿ ವಾಹನ ಓಡಿಸಲು ಜಿಲ್ಲಾ ಆಯುಕ್ತರ ಅನುಮತಿ ಬೇಕಿತ್ತು. ಹೆರಿಗೆ ನೋವು ಬಂದವರೂ ಅನುಮತಿ ಕೇಳಬೇಕಾಗಿ ಬಂತು. ಕೆಲವು ತಾಯಂದಿರು ಸತ್ತ ಮೇಲೆ ಆ ನಿಯಮ ಸಡಿಲವಾಯಿತು. ನಮ್ಮಲ್ಲೇ, ಕೇರಳ ಗಡಿಯ ತಲಪಾಡಿಯಲ್ಲಿ ಏನಾಯಿತು? ಕಾಸರಗೋಡಿನವರಿಗೆ ಮೊದಲಿನಿಂದಲೂ ಮಂಗಳೂರೇ ಆಸ್ಪತ್ರೆ. ಗಡಿಯ ರಸ್ತೆಗಳಿಗೆ ಮಣ್ಣು ಸುರಿದರು. ಡಯಾಲಿಸಿಸ್‌ಗೆ, ಹೃದಯದ ಚಿಕಿತ್ಸೆಗೆ ಹೊರಟ ಹಲವರು ದಾಟಲಾಗದೆ ತೀರಿಕೊಂಡರು. ಕೇರಳ ಹೈಕೋರ್ಟು, ಸುಪ್ರೀಂ ಕೋರ್ಟಿನ ತನಕ ಹೋಗಿ ಆಂಬುಲೆನ್ಸಿಗೆ ದಾರಿ ಬಿಡಬೇಕಾಯಿತು.

ಶಾಲೆಯ ವಿಷಯ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಉಗಾಂಡಾದಲ್ಲಿ 2020ರ ಮಾರ್ಚಿನಲ್ಲಿ ಮುಚ್ಚಿದ ಶಾಲೆಗಳು ಎಲ್ಲ ತರಗತಿಗಳಿಗೂ ತೆರೆದದ್ದು 2022ರ ಜನವರಿ 10ಕ್ಕೆ. ಒಂದೂವರೆ ಕೋಟಿ ಮಕ್ಕಳು. ಕೆಲವು ಖಾಸಗಿ ಶಾಲೆಗಳು ಅಷ್ಟರಲ್ಲಿ ಲಾಡ್ಜುಗಳಾಗಿದ್ದವು. ಮೇಷ್ಟ್ರುಗಳು ಬೇರೆ ಕಸುಬು ಹಿಡಿದಿದ್ದರು. ನಮ್ಮಲ್ಲಿ 2020ರ ಆಗಸ್ಟಿನಲ್ಲಿ ವಿದ್ಯಾಗಮ ಬಂತು. ಗುಡಿಯ ಕಟ್ಟೆ, ಅರಳಿ ಮರದ ನೆರಳು, ಯಾರದೋ ಮನೆ ಜಗಲಿ, ಅಲ್ಲಿಗೇ ಮೇಷ್ಟ್ರು ಹೋಗಿ ಪಾಠ ಮಾಡಿದರು. ನನಗಂತೂ ಅದು ಬಹಳ ಒಳ್ಳೆಯ ಪ್ರಯತ್ನ ಅನ್ನಿಸಿತ್ತು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ನಿಂತಿತು. 2021ರ ಜನವರಿಯಲ್ಲಿ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು ಕರ್ನಾಟಕವೂ ಸೇರಿ ಐದು ರಾಜ್ಯಗಳ 16 ಸಾವಿರ ಸರ್ಕಾರಿ ಶಾಲೆ ಮಕ್ಕಳನ್ನು ನೋಡಿದರು. ಶೇ. 92 ಮಕ್ಕಳು ಹಿಂದಿನ ವರ್ಷ ಬರುತ್ತಿದ್ದ ಭಾಷೆಯ ಯಾವುದಾದರೂ ಒಂದು ಸಾಮರ್ಥ್ಯವನ್ನಾದರೂ ಕಳೆದುಕೊಂಡಿದ್ದರು. ನನ್ನ ಅಕ್ಕ ಪ್ರೈಮರಿ ಶಾಲೆ ಟೀಚರು. ಅವಳು ಹೇಳಿದ್ದು ಇದು: ನಾಲ್ಕನೇ ಕ್ಲಾಸಿನ ಹುಡುಗ "ಕಮಲ", "ಬಸವ" ಅಂತ ಸರಾಗವಾಗಿ ಓದಿದ. "ಅಮ್ಮ" ಅನ್ನುವಲ್ಲಿ ನಿಂತುಬಿಟ್ಟ. ಒತ್ತಕ್ಷರ ಮರೆತುಹೋಗಿತ್ತು. ಅವನ ಬೆರಳು ಆ "ಮ್ಮ"ದ ಕೆಳಗೇ ಸುಮಾರು ಹೊತ್ತು ಇತ್ತಂತೆ.

ದೊಡ್ಡ ಲೆಕ್ಕಗಳನ್ನು ನಿಮ್ಮ ಮೇಷ್ಟ್ರುಗಳು ಪಾಠ ಮಾಡಿರುತ್ತಾರೆ. ಆ ವರ್ಷ ಏಪ್ರಿಲ್‌ನಿಂದ ಜೂನ್‌ವರೆಗಿನ ಮೂರು ತಿಂಗಳಲ್ಲಿ ನಮ್ಮ ಜಿಡಿಪಿ ಶೇ. 23.9 ಕುಸಿಯಿತು ಅಂತ ಮೊದಲ ಅಂದಾಜು ಬಂತು. 2020ರಲ್ಲಿ ಜಗತ್ತಿನಲ್ಲಿ ಸುಮಾರು 7 ಕೋಟಿ ಜನ ಹೊಸದಾಗಿ ಕಡುಬಡತನಕ್ಕೆ ಬಿದ್ದರು ಅಂತ ವಿಶ್ವಬ್ಯಾಂಕ್ ಹೇಳಿತು. ಇದರಲ್ಲಿ ರೋಗದಿಂದ ಆದದ್ದೆಷ್ಟು, ಬೀಗದಿಂದ ಆದದ್ದೆಷ್ಟು ಅಂತ ಬಿಡಿಸುವುದು ಕಷ್ಟ. ಪರೀಕ್ಷೆಯಲ್ಲಿ ಈ ಅಂಕಿಗಳನ್ನು ಬರೆಯುವಾಗ ಇದೊಂದನ್ನು ಮರೆಯಬೇಡಿ.

2021ರ ಆಗಸ್ಟಿನಲ್ಲಿ ಅಸಂಘಟಿತ ಕಾರ್ಮಿಕರ ಹೆಸರು ದಾಖಲಿಸುವ ಇ-ಶ್ರಮ್ ಪೋರ್ಟಲ್ ಬಂತು. ಒಂದು ದೇಶ ಒಂದು ರೇಷನ್ ಕಾರ್ಡೂ ಎಲ್ಲ ರಾಜ್ಯಗಳಿಗೆ ಹಬ್ಬಿತು. ತಡವಾಗಿಯಾದರೂ ಬಂದವಲ್ಲ ಅಂತ ನನಗೆ ಸಂತೋಷ. ನಿಮ್ಮ ಊರಿನ ಕೂಲಿಯವರ ಹೆಸರು ಇ-ಶ್ರಮ್‌ನಲ್ಲಿದೆಯಾ ಅಂತ ಒಮ್ಮೆ ವಿಚಾರಿಸಿ. ಇಲ್ಲದಿದ್ದರೆ ಆ ಫಾರ್ಮ್ ತುಂಬಿಕೊಡಲು ನಿಮಗೆ ಹತ್ತು ನಿಮಿಷ ಸಾಕು.

ಒಲೆಗೆ ಕಟ್ಟಿಗೆ ಕೇಳಿದಳಲ್ಲ, ಅವಳ ನಂಬರು ಈ ಪುಸ್ತಕದ ನಾಲ್ಕನೇ ಪುಟದಲ್ಲಿದೆ. 2020ರ ಜೂನಿನಲ್ಲಿ ಊರಿಗೆ ಹೋಗಿ, ದೀಪಾವಳಿ ಕಳೆದ ಮೇಲೆ ಮತ್ತೆ ಬೆಂಗಳೂರಿಗೆ ಬಂದಿದ್ದರು, ಬೇರೆ ಕಟ್ಟಡಕ್ಕೆ. 2021ರ ಏಪ್ರಿಲ್ 26ರ ಮಧ್ಯಾಹ್ನ ರಾಜ್ಯ ಸರ್ಕಾರ ಎರಡನೇ ಲಾಕ್‌ಡೌನ್ ಘೋಷಿಸಿತು, ಮರುದಿನ ರಾತ್ರಿ 9ರಿಂದ. ಈ ಸಲ ಒಂದು ದಿನದ ಮೇಲೆ ಸಮಯ ಸಿಕ್ಕಿತು. 27ರಂದು ಮೆಜೆಸ್ಟಿಕ್‌ನಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಂಜೆ ಹೊತ್ತಿಗೆ ಅವಳ ಫೋನ್ ಬಂತು. ಹಿಂದೆ ಬಸ್ಸಿನ ಸದ್ದು, ಯಾವುದೋ ಮಗು ಅಳುತ್ತಿತ್ತು.

"ಅಕ್ಕಾರ, ಬಸ್ ಹತ್ತೀವ್ರಿ. ಮುಂಜಾನೆ ಮೇಸ್ತ್ರಿ ಮನಿ ಮುಂದ ಹೋಗಿ ಕುಂತು, ಬಟವಾಡಿ ಇಸಗೊಂಡೇ ಎದ್ದು ಬಂದೀವಿ. ಸ್ಟೋವ್ ನಿಮ್ಮ ಕಡೆ ಇಟ್ಟು ಹೋಗೋಣಂದ್ವಿ, ಟೈಮ್ ಆಗಲಿಲ್ಲ. ಹೊತಗೊಂಡೇ ಹೊಂಟೀವ್ರಿ."